ಎಣ್ಣೆ ಹೊಕ್ಕ ಕೈ

ಗೋಕುಲ ರಸ್ತೆಯಲ್ಲಿ ನಮ್ಮದೊಂದು ಹೈಡ್ರಾಲಿಕ್ ರಿಪೇರಿ ಅಂಗಡಿ ಇದೆ. ಮುಂದೆ ಕೌಂಟರು, ಹಿಂದೆ ತಗಡಿನ ಶೆಡ್ಡು. ಕೌಂಟರಿನಲ್ಲಿ ಕೂತು ಎಣ್ಣೆ ಸೋರದಂತೆ ತಡೆಯುವ ಸೀಲು, ಓ-ರಿಂಗು, ಪೈಪು ಮಾರುವುದು ನನ್ನ ಕೆಲಸ, ಶೆಡ್ಡಿನಲ್ಲಿ ಟ್ರ್ಯಾಕ್ಟರು, ಲೋಡರುಗಳ ಭಾರ ಎತ್ತುವ ಸಿಲಿಂಡರು ಬಿಚ್ಚುವುದು ನಮ್ಮ ಮನೆಯವರದು. ಬಹಳ ವರ್ಷ ಹೀಗೇ ನಡೆಯಿತು. ಮದುವೆಯಾದ ಹೊಸದರಲ್ಲಿ ಅವರ ಅಂಗಿಯ ಎಣ್ಣೆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಕೌಂಟರಿಗೆ ಬಂದು ಕೂತ ಮೇಲೆ ನನ್ನ ಸೀರೆಗೂ ಅದೇ ವಾಸನೆ ಹತ್ತಿತು. ಈಗ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಾನು ಬರುವುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ ಎಂದು ನೆಗೆಣ್ಣಿ ಆಡಿಕೊಳ್ಳುತ್ತಾಳೆ.

ಗಿರಾಕಿಗಳು ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು. ಮಿಸ್ತ್ರಿ ಕೈ ಇಟ್ಟರೆ ರೋಗ ಗೊತ್ತಾಗುತ್ತದೆ ಎಂಬ ಮಾತಿತ್ತು, ಅದು ಹೊಗಳಿಕೆಯ ಮಾತಲ್ಲ, ನಿಜವೇ. ಸಿಲಿಂಡರಿನ ರಾಡಿನ ಮೇಲೆ ಉಗುರು ಎಳೆದು, ಕಣ್ಣಿಗೆ ಕಾಣದ ಗೀರು ಎಲ್ಲಿದೆ ಎಂದು ಹೇಳುತ್ತಿದ್ದರು. ನನ್ನ ಮುಖವನ್ನು ಒಮ್ಮೆಯೂ ಇಷ್ಟು ಗಮನವಿಟ್ಟು ನೋಡಲಿಲ್ಲವಲ್ಲ ಎಂದು ನಾನು ಚುಚ್ಚುತ್ತಿದ್ದೆ. ನಿನ್ನ ಮುಖದಲ್ಲಿ ಎಣ್ಣೆ ಸೋರಿದರೆ ನೋಡೋಣ ಎನ್ನುತ್ತಿದ್ದರು. ಸೀಲ್ ಕಿಟ್ ಮಾರಿ ಬದುಕುವವಳು ನಾನು; ಕಿಟ್ ಬೇಡ, ಬರೀ ಎಣ್ಣೆ ಕಡಿಮೆಯಾಗಿದೆ ಎಂದು ಗಿರಾಕಿಯನ್ನು ವಾಪಸು ಕಳಿಸುವವರು ಅವರು. ಇದಕ್ಕೆ ಎಷ್ಟು ಸಲ ಜಗಳ ತೆಗೆದಿದ್ದೇನೋ ಲೆಕ್ಕವಿಲ್ಲ.

ಹೋದ ಮಳೆಗಾಲದ ಮೊದಲ ವಾರಗಳಲ್ಲಿ ಒಂದು ಟ್ರ್ಯಾಕ್ಟರು ಬಂತು. ಮುಂದೆ ಲೋಡರ್ ಕಟ್ಟಿದ ಗಾಡಿ. ಊರ ಹೊರಗಿನ ಗೋದಾಮಿನಲ್ಲಿ ಮೆಕ್ಕೆಜೋಳ ತುಂಬುವ ಕೆಲಸದ್ದು. ಬಕೆಟ್ ಎತ್ತಿ ಬಿಟ್ಟರೆ ನಿಲ್ಲುವುದಿಲ್ಲ, ಚಹಾ ಕುಡಿದು ಬರುವಷ್ಟರಲ್ಲಿ ತಾನೇ ಕೆಳಗೆ ಇಳಿದು ನೆಲ ಮುಟ್ಟುತ್ತದೆ ಎಂದು ಡ್ರೈವರು ಹೇಳಿದ. ಸೀಲು ಹೋಗಿದೆ, ಎರಡೂ ಸಿಲಿಂಡರಿಗೆ ಹೊಸ ಕಿಟ್ ಹಾಕಿಬಿಡಿ ಎಂದೂ ಅವನೇ ತೀರ್ಮಾನ ಕೊಟ್ಟ. ಮಳೆ ಜೋರಾಗುವುದರೊಳಗೆ ಮೆಕ್ಕೆಜೋಳ ಒಳಗೆ ಸೇರಬೇಕಿತ್ತು, ಅವನಿಗೆ ಅವಸರ. ನಾನು ಕಿಟ್ ತೆಗೆಯಲು ಎದ್ದೆ. ನಮ್ಮ ಮನೆಯವರು ಕಣ್ಣಿನಲ್ಲೇ ಕೂಡ್ರು ಎಂದರು.

ಮೊದಲು ಎಣ್ಣೆಯ ಮಟ್ಟ ನೋಡಿದರು, ಸರಿ ಇತ್ತು. ಎಣ್ಣೆ ಬೆಳ್ಳಗೆ ನೊರೆ ಬಂದಿರಲಿಲ್ಲ, ಅಂದರೆ ಗಾಳಿಯೂ ನೀರೂ ಸೇರಿಲ್ಲ. ಬಕೆಟ್ಟಿನಲ್ಲಿ ಒಂದಿಷ್ಟು ಉಸುಕು ತುಂಬಿ ಮೇಲೆತ್ತಿ, ಇಂಜಿನ್ ಬಂದ್ ಮಾಡಿ, ಬಿದ್ದರೆ ಹಿಡಿಯಲೆಂದು ತೋಳುಗಳ ಕೆಳಗೆ ಸ್ವಲ್ಪ ಸಂದು ಬಿಟ್ಟು ಕಬ್ಬಿಣದ ಆನಿಕೆ ನಿಲ್ಲಿಸಿದರು. ರಾಡಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಕಾದರು. ಗೆರೆ ನಿಧಾನವಾಗಿ ಸಿಲಿಂಡರಿನ ಕಡೆ ಸರಿಯಿತು. ಇಳಿಯುವುದು ಖರೆ, ಆದರೆ ಯಾವುದರಿಂದ? ಎಣ್ಣೆ ಬಿಡುವ ವಾಲ್ವಿನಿಂದಲೂ ಇರಬಹುದು, ಸಿಲಿಂಡರಿನ ಒಳಗಿನ ಪಿಸ್ಟನ್ ಸೀಲಿನಿಂದಲೂ ಇರಬಹುದು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಭಾರ ಬೀಳದ ಮೇಲಿನ ಕಡೆಯ ಪೈಪು ಬಿಚ್ಚಿ ಕೆಳಗೆ ಡಬ್ಬಿ ಇಟ್ಟರು. ಎಡಗಡೆಯ ಸಿಲಿಂಡರು ಒಂದೆರಡು ಹನಿ ಹಾಕಿ ಸುಮ್ಮನಾಯಿತು. ಬಲಗಡೆಯದು ನಿಲ್ಲದೆ ಸುರಿಸುತ್ತಲೇ ಇತ್ತು. ಒಳಗಿನ ಸೀಲನ್ನು ದಾಟಿ ಎಣ್ಣೆ ಮೇಲೆ ಬರುತ್ತಿತ್ತು. ವಾಲ್ವಿನ ತಪ್ಪಿಲ್ಲ, ಎಡಗಡೆಯದರ ತಪ್ಪೂ ಇಲ್ಲ. ಒಂದೇ ಕಿಟ್ ಕೊಡು ಎಂದರು.

ಬಲಗಡೆಯದನ್ನು ಇಳಿಸಿ ಬಿಚ್ಚಿದಾಗ ಸೀಲಿನ ಅಂಚು ಇಲಿ ಕಡಿದಂತೆ ಆಗಿತ್ತು. ಹೊಸದನ್ನು ಹಾಕಿ, ಜೋಡಿಸಿ, ಲಿವರ್ ಹಿಡಿದು ನಾಲ್ಕಾರು ಸಲ ಏರಿಸಿ ಇಳಿಸಿ ಗಾಳಿ ಹೊರಗೆ ಹಾಕಿದರು. ಬಕೆಟ್ ನಿಂತಿತು. ಸೀಮೆಸುಣ್ಣದ ಗೆರೆ ಅಲ್ಲಾಡಲಿಲ್ಲ. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಬಾನೆಟ್ಟಿನ ಮೇಲೆ ಎಣ್ಣೆಯ ತೆಳುವಾದ ಇಬ್ಬನಿ ಕೂತಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಒರೆಸಿದ ಬಾನೆಟ್ಟು ಅದು. ಯಾವುದೋ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದೆ ಎಂದು ಅವರಿಗೆ ತಿಳಿಯಿತು. ಅಷ್ಟು ಸಣ್ಣ ತೂತಿನಿಂದ ಹಾರುವ ಎಣ್ಣೆ ಬಿಸಿಲಿನಲ್ಲಿ ಕಾಣುವುದಿಲ್ಲ. ಆಗ ಈ ರಸ್ತೆಯ ಎಲ್ಲ ಮಿಸ್ತ್ರಿಗಳೂ ಮಾಡುವುದನ್ನೇ ಅವರೂ ಮಾಡಿದರು: ಇಂಜಿನ್ ಚಾಲೂ ಇಟ್ಟು, ಡ್ರೈವರಿಗೆ ಲಿವರ್ ಎಳೆದು ಹಿಡಿ ಎಂದು ಹೇಳಿ, ಪೈಪಿನ ಉದ್ದಕ್ಕೂ ಅಂಗೈ ಆಡಿಸಿದರು. ಅವರ ಉಸ್ತಾದರು ಕಲಿಸಿದ್ದೂ ಹಾಗೆಯೇ, ಆ ಉಸ್ತಾದರಿಗೆ ಅವರ ಉಸ್ತಾದರು ಕಲಿಸಿದ್ದೂ ಹಾಗೆಯೇ. ಕೈ ಒದ್ದೆಯಾದಲ್ಲಿ ತೂತು. ಇದರಲ್ಲಿ ಅಪಾಯವಿದೆ ಎಂದು ನಮ್ಮಲ್ಲಿ ಯಾರೂ ಅಂದದ್ದಿಲ್ಲ. ಹಾವಿಗೆ ಹೆದರುತ್ತೇವೆ, ಕರೆಂಟಿಗೆ ಹೆದರುತ್ತೇವೆ, ಎಣ್ಣೆಗೆ ಯಾರು ಹೆದರುತ್ತಾರೆ?

ಅವರು ಕೈ ಹಿಂದೆ ತೆಗೆದು ನೋಡಿಕೊಂಡರು. ತೋರುಬೆರಳಿನ ಬುಡದಲ್ಲಿ ಒಂದು ಚುಕ್ಕೆ, ಇರುವೆ ಕಚ್ಚಿದಷ್ಟು. ಹತ್ತಿಯ ವೇಸ್ಟಿನಿಂದ ಒರೆಸಿದರು, ತೂತು ಬಿದ್ದ ಆ ಪೈಪು ಬದಲಾಯಿಸಿದರು, ಗಾಡಿ ಕಳಿಸಿದರು. ನಾನು ಏನಾಯಿತು ಎಂದು ಕೇಳಿದೆ.

"ಸೂಜಿ ಚುಚ್ಚಿದಂಗಾತು, ಅಷ್ಟ," ಎಂದರು.

ರಕ್ತ ಬಂದಿದ್ದರೆ ಓಡುತ್ತಿದ್ದೆವು. ನೋವಾಗಿದ್ದರೆ ಓಡುತ್ತಿದ್ದೆವು. ಎರಡೂ ಆಗಲಿಲ್ಲ. ನನಗೆ ಆ ಚುಕ್ಕೆಯ ಮೇಲೆ ಇಂದಿಗೂ ಸಿಟ್ಟು ಇದೆ. ಇಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಣ್ಣ ಬಾಯಿಂದ ಹೇಳಿತಲ್ಲ ಎಂದು.

ಸಂಜೆ ಮನೆಗೆ ಬಂದಾಗ ಬೆರಳು ಬಿಗಿದಿತ್ತು. ರೊಟ್ಟಿ ಮುರಿಯಲು ಬರಲಿಲ್ಲ. ನಾನು ಹಟ ಹಿಡಿದು ಓಣಿಯ ಡಾಕ್ಟರ ಹತ್ತಿರ ಕಳಿಸಿದೆ. ಏನು ಚುಚ್ಚಿತು ಎಂದು ಡಾಕ್ಟರು ಕೇಳಿದ್ದಕ್ಕೆ ಇವರು ತಂತಿ ಎಂದುಬಿಟ್ಟರು. ಎಣ್ಣೆ ಚುಚ್ಚಿತು ಎಂದು ಹೇಳಲು ಅವರಿಗೆ ನಾಚಿಕೆಯಾಯಿತಂತೆ. ಮಿಸ್ತ್ರಿಯಾಗಿ ಎಣ್ಣೆಗೆ ಹೆದರಿ ಬಂದರು ಎಂದು ಯಾರಾದರೂ ನಗುತ್ತಾರೆಂದು. ತಂತಿಗೆ ಏನು ಕೊಡಬೇಕೋ ಆ ಇಂಜೆಕ್ಷನ್ ಕೊಟ್ಟು ಡಾಕ್ಟರು ಕಳಿಸಿದರು. ಅವರದೇನು ತಪ್ಪು. ಬೆಳಗಿನ ಹೊತ್ತಿಗೆ ಕೈ ಮಣಿಕಟ್ಟಿನವರೆಗೆ ಬಾತು, ಬೆರಳು ಬೂದಿಬಣ್ಣಕ್ಕೆ ತಿರುಗಿತ್ತು, ಮತ್ತು ಅವರು, ಹೆರಿಗೆಯ ಹೊತ್ತಿನಲ್ಲೂ ನನ್ನ ಮುಂದೆ ಕಣ್ಣು ತೇವ ಮಾಡಿಕೊಳ್ಳದವರು, ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದರು.

ವಿದ್ಯಾನಗರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರು ಕೈ ನೋಡಿ ನನ್ನನ್ನೇ ಕೇಳಿದರು. ನಾನು ಟ್ರ್ಯಾಕ್ಟರು, ಪೈಪು, ಎಣ್ಣೆ, ಎಲ್ಲ ಹೇಳಿದೆ. ಎಣ್ಣೆ ಎಂದ ಕೂಡಲೇ ಅವರು ಬರೆಯುವುದನ್ನು ನಿಲ್ಲಿಸಿದರು.

"ಇದು ಗಾಯ ಅಲ್ರಿ. ಎಣ್ಣಿ ಒಳಗ ಹೊಕ್ಕು ಅಂಗೈ ತುಂಬ ಹರಡೇತಿ. ನಿನ್ನೆನ ಬಂದಿದ್ರ ಬ್ಯಾರೆ ಮಾತಿತ್ತು."

ಬಂದೂಕಿನ ಗುಂಡಿನಂತೆ ಚರ್ಮ ಸೀಳಿ ಹೋಗುವಷ್ಟು ಒತ್ತಡ ಆ ಪೈಪಿನಲ್ಲಿ ಇರುತ್ತದೆ ಎಂದು ಆಮೇಲೆ ವಿವರಿಸಿದರು. ಒತ್ತಡ ಎಷ್ಟು ಎಂಬುದು ನಮ್ಮ ಮನೆಯವರಿಗೆ ಡಾಕ್ಟರಮ್ಮನಿಗಿಂತ ಚೆನ್ನಾಗಿ ಗೊತ್ತಿತ್ತು. ದಿನಾ ಅಳೆಯುವವರೇ ಅವರು. ಅದು ಕಬ್ಬಿಣ ಎತ್ತುತ್ತದೆ ಎಂದು ಗೊತ್ತಿತ್ತು, ತಮ್ಮ ಕೈಯೊಳಗೂ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಅಂಗೈಯನ್ನು ಮಣಿಕಟ್ಟಿನವರೆಗೆ ಸೀಳಿ ತೊಳೆದರು. ಮತ್ತೆ ಒಳಗೆ ಕರೆದುಕೊಂಡು ಹೋದರು, ಮತ್ತೆ ತೊಳೆದರು. ತೋರುಬೆರಳನ್ನೂ ನಡುಬೆರಳನ್ನೂ ಉಳಿಸಲಾಗಲಿಲ್ಲ. ಉಳಿದ ಬೆರಳುಗಳು ಇವೆ, ಆದರೆ ಅವಕ್ಕೆ ಏನೂ ತಿಳಿಯುವುದಿಲ್ಲ. ಬಿಸಿ ಚಹಾದ ಲೋಟ ಹಿಡಿದು ಸುಟ್ಟುಕೊಂಡದ್ದು ಬೊಬ್ಬೆ ಎದ್ದ ಮೇಲೇ ಗೊತ್ತಾಯಿತು.

ಈಗ ನಾವು ಜಾಗ ಅದಲುಬದಲು ಮಾಡಿಕೊಂಡಿದ್ದೇವೆ. ಅವರು ಕೌಂಟರಿನಲ್ಲಿ, ಇಷ್ಟು ವರ್ಷ ಅವರ ಕೆಲಸ ನೋಡಿ ನೋಡಿ ಕಲಿತ ನಾನು ಶೆಡ್ಡಿನಲ್ಲಿ. ಜೊತೆಗೆ ಸಂಬಳಕ್ಕೆ ಒಬ್ಬ ಫಿಟ್ಟರನ್ನು ಇಟ್ಟುಕೊಂಡಿದ್ದೇವೆ. ಪೈಪು ಪರೀಕ್ಷೆ ಮಾಡಬೇಕಾದರೆ ರಟ್ಟಿನ ತುಂಡು ಹಿಡಿಯುತ್ತೇವೆ, ಎಣ್ಣೆ ರಟ್ಟಿನ ಮೇಲೆ ಗೀರು ಹಾಕುತ್ತದೆ. ಇಷ್ಟೇ ಸಾಕಾಗಿತ್ತು. ಒಂದು ಹಳೆ ಡಬ್ಬದ ರಟ್ಟು. ಅಕ್ಕಪಕ್ಕದ ಅಂಗಡಿಯವರಿಗೂ ಹೇಳಿದ್ದೇನೆ. ಹೂಂ ಅನ್ನುತ್ತಾರೆ, ನಾನು ಆ ಕಡೆ ತಿರುಗಿದ ಮೇಲೆ ಕೈಯನ್ನೇ ಆಡಿಸುತ್ತಾರೆ. ಬಯ್ಯುತ್ತೇನೆ. ಮಿಸ್ತ್ರಿಯ ಹೆಂಡತಿಗೆ ತಲೆ ಕೆಟ್ಟಿದೆ ಎಂದುಕೊಂಡರೆ ಎಂದುಕೊಳ್ಳಲಿ.

ಅವರು ಮಾತ್ರ ಯಾರಿಗೂ ಏನೂ ಹೇಳುವುದಿಲ್ಲ. ಮದುವೆಯ ಊಟಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ, ಪಂಕ್ತಿಯಲ್ಲಿ ಎಡಗೈಯಿಂದ ಉಣ್ಣುವುದನ್ನು ನಾಲ್ಕು ಜನ ನೋಡಬಾರದೆಂದು. ಮನೆಯಲ್ಲಿ ನಾನು ತುತ್ತು ಕಲಸಿ ಕೊಡಲು ಹೋದರೆ ತಾಟನ್ನು ಆಚೆ ಸರಿಸುತ್ತಾರೆ. ಶೆಡ್ಡಿನಿಂದ ಸಿಲಿಂಡರು ಬಿಚ್ಚುವ ಸಪ್ಪಳ ಬಂದಾಗ ಕೌಂಟರಿನ ಮೇಲಿದ್ದ ಸೀಲುಗಳನ್ನು ಮತ್ತೆ ಮತ್ತೆ ಜೋಡಿಸುತ್ತಾರೆ. ಆ ಬೆನ್ನನ್ನು ನೋಡಿದರೆ ನನಗೆ ಜೀವ ಬೇಡ ಅನ್ನಿಸುತ್ತದೆ. ಎದುರಿಗೆ ಹೋಗಿ ಏನೋ ಒಂದು ಚುಚ್ಚುಮಾತು ಆಡುತ್ತೇನೆ, ಮೊದಲಿನಂತೆ. ಅವರು ತಿರುಗಿ ಚುಚ್ಚುವುದಿಲ್ಲ.

ಮೊನ್ನೆ ಕಲಘಟಗಿ ಕಡೆಯಿಂದ ಒಬ್ಬರು ಲೋಡರ್ ತಂದರು. ನಮಗೆ ಗುರುತಿಲ್ಲದ ಹಿರಿಯ ಮನುಷ್ಯ. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಕೌಂಟರಿಗೆ ಬಂದರು. ನಾನು ಶೆಡ್ಡಿನ ಬಾಗಿಲಲ್ಲಿ ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತಿದ್ದೆ. ನಮ್ಮ ಮನೆಯವರು ಬಲಗೈಯನ್ನು ಕೌಂಟರಿನ ಕೆಳಗೆ ಇಳಿಸಿದರು, ಯಾರು ಬಂದರೂ ಹಾಗೆ ಮಾಡುತ್ತಾರೆ.

"ಇಲ್ಲಿ ಕೈ ಹಚ್ಚಿ ನೋಡಿ ಹೇಳೂ ಮಿಸ್ತ್ರಿ ಒಬ್ರು ಅದಾರಂತಲ್ರಿ," ಎಂದು ಆ ಹಿರಿಯರು ಕೇಳಿದರು. "ಎಲ್ಲಿ ಅದಾರ?"

"ಅವ್ರು ಈಗ ಇಲ್ರಿ," ಎಂದರು ನಮ್ಮ ಮನೆಯವರು.

ಹಿರಿಯರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಪಾಪ, ಯಾವಾಗ ತೀರಿಕೊಂಡರು ಎಂದು ಮೆಲ್ಲಗೆ ಕೇಳಿದರು. ಅಲ್ಲ, ಹಾಗಲ್ಲ ಎಂದು ಇವರು ಹೇಳುತ್ತಾರೆಂದು ನಾನು ಕಾದೆ.

"ಹ್ವಾದ ಮಳಿಗಾಲದಾಗ್ರಿ," ಎಂದರು.

ನನ್ನ ಕೈ ತಾನಾಗಿಯೇ ಸೆರಗಿನೊಳಗಿನ ತಾಳಿಗೆ ಹೋಯಿತು, ಪಾನಾದ ಎಣ್ಣೆಯ ಸಮೇತ. ಗಂಡ ಎದುರಿಗೇ ಕೂತಿದ್ದಾರೆ, ಉಸಿರಾಡುತ್ತಿದ್ದಾರೆ, ಬಂದವರಿಗೆ ಕುರ್ಚಿ ತೋರಿಸುತ್ತಿದ್ದಾರೆ. ಸುಳ್ಳು ಎಂದು ಕೂಗಬೇಕೆಂದು ಬಾಯಿ ತೆರೆದೆ. ಆದರೆ ಅವರು ನನ್ನ ಕಡೆ ನೋಡಿದರು, ಬೇಡ ಎಂಬಂತೆ.

"ಗಾಡಿ ಒಳಗ ತರ್ರಿ," ಎಂದು ನಾನು ಆ ಹಿರಿಯರಿಗೆ ಹೇಳಿದೆ. "ನಾ ನೋಡ್ತೇನಿ."