ಸಾಸಿವೆಯಣ್ಣ ಕಟ್ಟಿದ ಕಪ್ಪೆಮನೆ

ಮಧ್ಯಾಹ್ನದ ಊಟಕ್ಕೆಂದು ಮನೆಗೆ ಬಂದ ಸಾಸಿವೆಯಣ್ಣ ಅಡುಗೆಕಟ್ಟೆಯ ಮೇಲೆ ಬಟ್ಟೆ ಮುಚ್ಚಿದ ಬಕೆಟ್ಟೊಂದನ್ನು ನೋಡಿದ. ಒಳಗೇನಿದೆಯೋ ಎಂದು ಬಟ್ಟೆ ಎತ್ತಿದ್ದೇ ತಡ, ತಣ್ಣಗಿನದೇನೋ ಹಾರಿ ಬಂದು ಹಣೆಗೆ ಅಂಟಿಕೊಂಡಿತು. ನಲವತ್ತೆಂಟು ವರ್ಷದ ಗಂಡಸು, ಮೂರನೇ ಮಹಡಿಯ ಹೊರಗೋಡೆಯಲ್ಲಿ ಹಗ್ಗಕ್ಕೆ ಜೋತುಬಿದ್ದು ಗಾಜು ಕೂರಿಸುವವನು, ನಿಂತಲ್ಲೇ ಮರಗಟ್ಟಿಹೋದ. ಆಮೇಲೆ ಬಾಯಿ ಬಂತು. ಬೀದಿಯ ಕೊನೆಯ ಕ್ಷೌರದಂಗಡಿಗೂ ಕೇಳಿಸುವಷ್ಟು ಬಂತು.

"ಕೂಗಬೇಡ ಕಣೋ, ಮರಗಪ್ಪೆ ಅದು," ಎನ್ನುತ್ತ ಅಕ್ಕ ಬಂದು, ಅಂಗಿಯ ಗುಂಡಿ ಬಿಚ್ಚಿದಷ್ಟು ನಿಧಾನವಾಗಿ ಅದನ್ನು ಹಣೆಯಿಂದ ಬಿಡಿಸಿ ಬಕೆಟ್ಟಿಗೆ ಬಿಟ್ಟಳು.

"ಕಪ್ಪೆಗೇನು ಕೆಲಸ ಅಡುಗೆಮನೇಲಿ? ನಿನ್ನ ತಲೆ ನೆಟ್ಟಗಿದೆಯಾ ಅಕ್ಕ?"

ಬಕೆಟ್ಟಿನೊಳಗಿಂದ 'ಟ್ರಕ್ ಟ್ರಕ್ ಟ್ರಕ್' ಎಂದು ಉತ್ತರ ಬಂತು. ಅವನು ಇನ್ನೊಮ್ಮೆ ಗದರಿದ. ಅದೂ ಇನ್ನೊಮ್ಮೆ ಗದರಿತು.

"ಸದ್ಯ, ನಿನಗೆ ಎದುರು ಮಾತಾಡೋರು ಈ ಮನೆಗೆ ಬಂದರು," ಎಂದು ಅಕ್ಕ ನಕ್ಕಳು. ಅವಳು ನಕ್ಕು ಎಷ್ಟೋ ತಿಂಗಳಾಗಿತ್ತು. ಸಾಸಿವೆಯಣ್ಣ ಹಣೆ ಒರೆಸಿಕೊಂಡು ಕೂತು ಉಂಡ.

ಅವನಿಗೆ ಆ ಹೆಸರಿಟ್ಟದ್ದು ಬೀದಿಯವರು. ಎಣ್ಣೆ ಕಾದ ಮೇಲೆ ಸಾಸಿವೆ ಸಿಡಿಯುತ್ತದೆ, ಇವನು ಒಲೆ ಹಚ್ಚುವ ಮುಂಚೆಯೇ ಸಿಡಿಯುತ್ತಾನೆ ಎಂದು. ಅವನ ಬಾಯಿಗೆ ಹೆದರಿ ಯಾರೂ ಹೆಣ್ಣು ಕೊಡಲಿಲ್ಲ ಎನ್ನುವವರೂ ಇದ್ದರು. ಕೆಲಸದಲ್ಲಿ ಮಾತ್ರ ಯಾರೂ ಬೆರಳಿಟ್ಟು ತೋರಿಸುವಂತಿರಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಸೋದರಮಾವನ ಹಿಂದೆ ಗಾಜು ಹೊರಲು ಹೋದವನು, ಅಂಗೈ ತುಂಬ ಗಾಯದ ಗೆರೆ ಬರೆಸಿಕೊಂಡು ಕಸುಬು ಕಲಿತಿದ್ದ. ಅವನು ಕೂರಿಸಿದ ಕಿಟಕಿಯಲ್ಲಿ ಗಾಳಿಯ ಎಳೆಯೂ ನುಸುಳುತ್ತಿರಲಿಲ್ಲ.

ಅವನನ್ನು ಸಾಕಿದವಳು ಈ ಅಕ್ಕ. ಅಪ್ಪ ಅಮ್ಮ ಹೋದಾಗ ಅವಳಿಗೆ ಹದಿನೇಳು, ಅವನಿಗೆ ಎಂಟು. ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಂಗಿಗೆ ಗುಂಡಿ ಹೊಲಿದಳು. ಈಗ ಕಣ್ಣು ಮಂಜಾಗಿ ಮನೆಯಲ್ಲಿ ಕೂತಿದ್ದಳು. ಎದುರಿಗಿರುವುದು ಬಾಗಿಲೋ ಬೀರುವೋ ಎಂದು ಕೈಯಾಡಿಸಿ ತಿಳಿಯಬೇಕು. ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ, ಮೀನು ನೋಡಿಕೊಳ್ಳುತ್ತಿದ್ದ ಅವಳ ಹಳೆಯ ಗೆಳತಿ ಲ್ಯಾಬಕ್ಕ, ನಿವೃತ್ತಿಯ ದಿನ ಮೂರು ಮರಗಪ್ಪೆಗಳನ್ನು ತಂದುಕೊಟ್ಟಿದ್ದಳು. ಎರಡು ಹೆಣ್ಣು, ಒಂದು ಗಂಡು. ಕೂಗುವುದು ಗಂಡು ಮಾತ್ರ.

"ನಮ್ಮನೆ ಥರಾನೇ," ಅಂದಿದ್ದಳು ಅಕ್ಕ.

ಸಂಜೆ ಅವಳು ತಮ್ಮನ ಪಕ್ಕ ಬಂದು ಕೂತಳು. "ಊರಿಗೆಲ್ಲ ಕಿಟಕಿ ಹಾಕ್ತೀಯ. ಇವಕ್ಕೊಂದು ಗಾಜಿನ ಮನೆ ಮಾಡಿಕೊಡೋ. ನಂಗೆ ಕಾಣಲ್ಲ ನಿಜ, ಆದರೆ ಅದು ಕೂಗಿದರೆ ಮನೇಲಿ ಯಾರೋ ಇದ್ದಾರೆ ಅನ್ಸುತ್ತೆ."

ನಲವತ್ತು ವರ್ಷದಲ್ಲಿ ಅಕ್ಕ ತನಗಾಗಿ ಏನನ್ನೂ ಕೇಳಿದ್ದಿಲ್ಲ. ಇಡೀ ದಿನ ಮನೆಯಲ್ಲಿ ಅವಳ ಜೊತೆ ಯಾರೂ ಇರುವುದಿಲ್ಲ ಎಂಬುದು ಅವನಿಗೆ ಹೊಳೆದದ್ದೂ ಆಗಲೇ.

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಕಪ್ಪೆ ಹತ್ತುವ ಜೀವ ಎಂದು ಅಗಲಕ್ಕಿಂತ ಎತ್ತರ ಹೆಚ್ಚಿಟ್ಟ. ಗಾಜಿನ ಅಂಚನ್ನು ಮಗುವಿನ ಕೆನ್ನೆ ತಾಗಿದರೂ ಗೀರದಷ್ಟು ನುಣುಪಾಗಿ ಉಜ್ಜಿದ. ಸಂದುಗಳಿಗೆ ಬಚ್ಚಲುಮನೆ ಗಾಜಿಗೆ ಬಳಸುವ ಅತ್ಯುತ್ತಮ ಅಂಟು ತುಂಬಿದ. ಇಪ್ಪತ್ತು ವರ್ಷದಿಂದ ಅವನು ನಂಬಿದ ಹಳದಿ ಟ್ಯೂಬು ಅದು. ಹತ್ತು ವರ್ಷ ನೀರು ಬಿದ್ದರೂ ಬೂಷ್ಟು ಹಿಡಿಯುವುದಿಲ್ಲ. ಒಳಗೆ ಒದ್ದೆ ಮಣ್ಣು, ಎರಡು ಒಣಕೊಂಬೆ, ಅಗಲ ಎಲೆಯ ಬಳ್ಳಿ, ಒಂದು ತಟ್ಟೆ ನೀರು. ಒಂದು ರಾತ್ರಿ ಅಂಟು ಒಣಗಿಸಿ, ಬೆಳಿಗ್ಗೆ ಕಪ್ಪೆಗಳನ್ನು ಬಿಟ್ಟು ಗಾಜಿನ ಮುಚ್ಚಳ ಎಳೆದ. ಅಕ್ಕ ಅಂಚುಗಳ ಮೇಲೆಲ್ಲ ಬೆರಳಾಡಿಸಿ, "ಅರಮನೆ ಕಣೋ," ಎಂದಳು.

ಮರುದಿನ ಅವಳೇ ಅವನನ್ನು ಎಬ್ಬಿಸಿದಳು.

"ನಿನ್ನೆ ಮಧ್ಯಾಹ್ನದಿಂದ ಒಂದು ಸಲಾನೂ ಕೂಗಿಲ್ಲ. ಸ್ವಲ್ಪ ನೋಡು ಬಾ."

ನೋಡಿದ. ಹೆಣ್ಣುಗಳೆರಡೂ ಮೂಗನ್ನು ಮುಚ್ಚಳದ ಸಂದಿಗೆ ಒತ್ತಿ ನಿಂತಿದ್ದವು. ಎಲೆಹಸಿರಿನ ಗಂಡು ಮಣ್ಣಿನ ಮೇಲೆ ಕಾಲು ಚೆಲ್ಲಿ ಬಿದ್ದಿತ್ತು, ಬಣ್ಣ ಹಳೇ ಚಪ್ಪಲಿಯಂತೆ ಕಂದಾಗಿತ್ತು. ಬೆರಳಲ್ಲಿ ಮುಟ್ಟಿದರೆ ಒಂದು ಕಾಲು ಮಾತ್ರ ನಡುಗಿತು.

ಸಾಸಿವೆಯಣ್ಣ ಫೋನ್ ತೆಗೆದು ಲ್ಯಾಬಕ್ಕನ ಮೇಲೆ ಹರಿಹಾಯ್ದ. "ಸೀಕು ಬಂದ ಕಪ್ಪೇನ ನಮ್ಮಕ್ಕನ ತಲೆಗೆ ಕಟ್ಟಿದ್ದೀರಲ್ಲ, ನಿಮಗೆ ದೇವರು ಒಳ್ಳೇದು ಮಾಡ್ತಾನಾ?"

ಅರ್ಧ ಗಂಟೆಯಲ್ಲಿ ಆಕೆ ಬಂದಳು. ಮುಚ್ಚಳ ಸರಿಸಿ, ಮೂಗು ಒಳಗಿಟ್ಟು, ತಟ್ಟನೆ ಹಿಂದೆಗೆದಳು.

"ಸಂದಿಗೆ ಏನು ಹಾಕಿದೆಯಪ್ಪಾ?"

"ಏನು ಅಂದರೆ? ಊರಲ್ಲಿ ಸಿಗೋದರಲ್ಲಿ ಒಂದನೇ ನಂಬರ್ ಮಾಲು," ಎಂದು ಹಳದಿ ಟ್ಯೂಬು ತಂದು ಅವಳ ಕೈಗೆ ಹಾಕಿದ.

ಅವಳು ಕನ್ನಡಕ ಏರಿಸಿ ಟ್ಯೂಬಿನ ಬೆನ್ನ ಮೇಲಿನ ಇರುವೆ ಸಾಲಿನಂಥ ಅಕ್ಷರ ಓದಿದಳು. "ಇದರಲ್ಲಿ ಬೂಷ್ಟು ಸಾಯಿಸೋ ವಿಷ ಬೆರೆಸಿದ್ದಾರೆ. ಸಾಕುಪ್ರಾಣಿ ಹತ್ತಿರ ಬಳಸಬೇಡಿ ಅಂತಾನೂ ಬರೆದಿದೆ. ಕಪ್ಪೆ ಬಾಯಿಂದ ನೀರು ಕುಡಿಯಲ್ಲಪ್ಪ, ಮೈಚರ್ಮದಿಂದ ಹೀರುತ್ತೆ. ಗೋಡೇಲಿ ಏನಿದ್ದರೂ ಅದರ ಹೊಟ್ಟೆಗೇ ಹೋದ ಹಾಗೆ."

ಸಾಸಿವೆಯಣ್ಣ ಟ್ಯೂಬನ್ನು ವಾಪಸು ಇಸಿದುಕೊಂಡು ತಿರುಗಿಸಿ ನೋಡಿದ. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಕೈಯಲ್ಲಿ ಹಿಡಿದ ಟ್ಯೂಬು. ಬೆನ್ನ ಮೇಲೆ ಬರಹ ಇರುವುದು ಗೊತ್ತಿತ್ತು. ಶಾಲೆಯಲ್ಲಿ ಕಲಿತ ನಾಲ್ಕಕ್ಷರವೂ ಮರೆತು ಈಗ ಓದಲು ಬಾರದು ಎಂದು ಯಾರಿಗೂ ಹೇಳಿರಲಿಲ್ಲ, ಓದಿಸಿ ಕೇಳಿಯೂ ಇರಲಿಲ್ಲ. ಅಕ್ಕ ಕೇಳಿದ ಒಂದೇ ಒಂದು ವಸ್ತುವಿನ ನಾಲ್ಕೂ ಮೂಲೆಗೆ ತನ್ನ ಕೈಯಾರೆ, ನುಣುಪಾಗಿ, ವಿಷ ಬಳಿದಿದ್ದ.

ಅಕ್ಕ ಬೈದಿದ್ದರೆ ಹಗುರವಾಗುತ್ತಿತ್ತು. ಅವಳು "ನಿಂಗೆ ಗೊತ್ತಿರಲಿಲ್ಲ ಬಿಡು," ಎಂದಳು. ಆ ಮಾತು ಗಾಜಿನ ಚೂರಿನಂತೆ ಒಳಗೆ ಉಳಿಯಿತು.

ಲ್ಯಾಬಕ್ಕ ಕಪ್ಪೆಗಳನ್ನು ಹಿಂದಿನ ದಿನ ಹಿಡಿದಿಟ್ಟ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒದ್ದೆ ಬಟ್ಟೆ ಹಾಸಿದ ಬಕೆಟ್ಟಿಗೆ ಬಿಟ್ಟಳು. "ಹೆಣ್ಣುಗಳು ಉಳೀತವೆ. ಗಂಡಿನದ್ದು ಹೇಳಕ್ಕಾಗಲ್ಲ. ಕೂಗಿದರೆ ಉಳೀತು ಅಂದ್ಕೊಳ್ಳಿ." ಹೊರಡುವಾಗ ಅವನ ಅರಮನೆಯನ್ನು ನೋಡಿ ಹೇಳಿದಳು: "ನೀರು ನಿಲ್ಲೋ ಪೆಟ್ಟಿಗೆ ಇವಕ್ಕೆ ಬೇಕಿಲ್ಲಪ್ಪ. ಗಾಳಿ ಆಡಬೇಕು."

ಗಾಳಿ. ಜೀವಮಾನವಿಡೀ ಅವನು ಹೊರಗಿಟ್ಟದ್ದು ಅದನ್ನೇ.

ಅರಮನೆಯನ್ನು ಹಿತ್ತಿಲಿಗೆ ಒಯ್ದು ಗೋಣಿಚೀಲ ಹೊದಿಸಿ ಸುತ್ತಿಗೆಯಿಂದ ಪುಡಿ ಮಾಡಿದ. ಆಮೇಲೆ ಸೋದರಮಾವನ ಕಾಲದ ಉಳಿ ಹುಡುಕಿ ತೆಗೆದ. ಅಂಟಿನ ಟ್ಯೂಬು ಬರುವ ಮುಂಚೆ ಮಾವ ಕಲಿಸಿದ ಬಗೆ ಇನ್ನೂ ಕೈಗೆ ನೆನಪಿತ್ತು: ಮರದ ಚೌಕಟ್ಟಿನ ಅಂಚಿನುದ್ದಕ್ಕೂ ತೋಡು ಕೊರೆದು, ಅದರೊಳಗೆ ಗಾಜು ಇಳಿಸಿ, ಹೊರಗಿಂದ ತೆಳು ಮರದ ಪಟ್ಟಿಯೊತ್ತಿ ಮೊಳೆ ಹೊಡೆಯುವುದು. ಒಂದು ತೊಟ್ಟು ಅಂಟಿಲ್ಲ, ಬಣ್ಣವಿಲ್ಲ. ಎರಡು ಮಗ್ಗುಲಿಗೆ ಗಾಜು, ಎರಡಕ್ಕೆ ಸೊಳ್ಳೆಪರದೆಯ ಬಲೆ.

ಮೂರು ದಿನ ಅವನು ದನಿ ಎತ್ತಲಿಲ್ಲ. ಸಾಮಾನು ತಪ್ಪಾಗಿ ತಂದ ಮರದಂಗಡಿಯವನಿಗೆ "ಪರವಾಗಿಲ್ಲ, ಬದಲಾಯಿಸಿಕೊಡಿ," ಎಂದಾಗ ಆತ ಗಾಬರಿಯಿಂದ "ಮೈ ಹುಷಾರಿದೆಯಾ ಅಣ್ಣ?" ಎಂದು ಕೇಳಿದ. ಮನೆಯೊಳಗೆ ಕಾಲಿನ ಸಪ್ಪಳವೂ ಇರಲಿಲ್ಲ. ಅಕ್ಕ ಬಕೆಟ್ಟಿಗೆ ಕಿವಿಕೊಟ್ಟು ಕೂತೇ ಇದ್ದಳು. ಗಂಡು ಕಪ್ಪೆ ಎದ್ದು ಕೂತಿತ್ತು, ಬಣ್ಣ ಅರ್ಧ ಮರಳಿತ್ತು. ಮಿಡತೆ ಇಟ್ಟರೆ ಮುಖ ತಿರುಗಿಸುತ್ತಿತ್ತು. ಕೂಗು ಮಾತ್ರ ಇಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮೂರನ್ನೂ ಹೊಸ ಮನೆಗೆ ಬಿಟ್ಟರು. ಬಾಗಿಲಿನ ಕೊನೆಯ ಪಟ್ಟಿಯೊಂದು ಸಡಿಲವಿತ್ತು. ಬಾಗಿಲನ್ನು ಕಳಚಿ ತುಸು ಪಕ್ಕಕ್ಕೆ ಒಯ್ದು, ಕಪ್ಪೆಮನೆಯ ತೆರೆದ ಬಾಯಿಗೆ ಒಂದು ಕೈಯಿಂದ ಬಟ್ಟೆ ಅಡ್ಡ ಹಿಡಿಯಲು ಅಕ್ಕನಿಗೆ ಹೇಳಿ, ನೆಲದ ಮೇಲಿಟ್ಟು ಮೊಳೆ ಹೊಡೆದ. ಮೊದಲನೆಯದು ಕೂತಿತು. ಎರಡನೆಯದಕ್ಕೆ ಎತ್ತಿದ ಸುತ್ತಿಗೆ ನೇರ ಹೆಬ್ಬೆರಳ ಮೇಲೆ ಬಿತ್ತು.

ಮೂರು ದಿನ ತಡೆದಿಟ್ಟದ್ದೆಲ್ಲ ಒಂದೇ ಸಲ ಬಂತು. ಸುತ್ತಿಗೆಗೆ, ಮೊಳೆಗೆ, ಹಳದಿ ಟ್ಯೂಬು ಮಾಡಿದವನ ವಂಶಕ್ಕೆ, ಓದದ ತನ್ನ ಕಣ್ಣಿಗೆ, ಒಂದನ್ನೂ ಬಿಡದೆ ಬೈದ.

ಉಸಿರೆಳೆದುಕೊಳ್ಳಲು ನಿಂತಾಗ, ಬಟ್ಟೆ ಮರೆಯ ಎಲೆಗಳ ನಡುವಿನಿಂದ, ಗೊಗ್ಗರಾಗಿ, ಒಂದು ಸಲ, "ಟ್ರಕ್" ಎಂದಿತು.

ಅಕ್ಕನ ಇನ್ನೊಂದು ಕೈ ಗಾಳಿಯಲ್ಲಿ ಹುಡುಕಿ ತಮ್ಮನ ತೋಳು ಹಿಡಿಯಿತು.

"ನಿಲ್ಲಿಸಬೇಡ ಕಣೋ," ಎಂದಳು ಅವಳು, ಮೆಲ್ಲಗೆ. "ಬೈತಾ ಇರು."