ನೀಲವ್ವನ ಹಗೇವು, ಊರ ಸಿಹಿನೀರ ಬಾವಿ

ಕೋವಿಡ್ ಗದ್ದಲವೆಲ್ಲ ಅಡಗಿ ಸರಕಾರಿ ಕಚೇರಿಗಳು ಮತ್ತೆ ನೆಟ್ಟಗೆ ನಡೆಯತೊಡಗಿದ್ದ ವರ್ಷ ಅದು. ನಾನು ಬೆಳಗಾವಿಯಲ್ಲಿ ಹಿರಿಯ ಭೂವಿಜ್ಞಾನಿಯಾಗಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಅಂತರ್ಜಲ ನನ್ನ ಪಾಲಿಗೆ ಬಂದಿತ್ತು. ನಿವೃತ್ತಿಗೆ ಎರಡು ವರ್ಷ ಬಾಕಿ. ಹಳ್ಳಿಗಳಲ್ಲಿ ನನ್ನನ್ನು ‘ನೀರಿನ ಮೇಡಂ’ ಎನ್ನುತ್ತಿದ್ದರು. ಜೀಪು ಕಂಡ ಕೂಡಲೇ ಬೋರ್‌ವೆಲ್ ಪಾಯಿಂಟ್ ತೋರಿಸಿರೆಂದು ಗಂಟುಬೀಳುವವರೇ ಹೆಚ್ಚು. ನೀರು ಎಲ್ಲಿದೆ ಎಂದು ಕೇಳುವವರಿಗೆ ಲೆಕ್ಕವಿರಲಿಲ್ಲ, ನೀರಿನಲ್ಲಿ ಏನಿದೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಆ ವರ್ಷ ಕುಡಿಯುವ ನೀರಿನ ಕೆಲವು ಬಾವಿಗಳನ್ನು ಆರಿಸಿ ಕೀಟನಾಶಕದ ಅಂಶವಿದೆಯೇ ನೋಡಿರೆಂಬ ಆದೇಶ ಬಂತು. ಸಾಮಾನ್ಯವಾಗಿ ನಾವು ಫ್ಲೋರೈಡ್, ನೈಟ್ರೇಟ್, ಗಡಸುತನ ಇಷ್ಟನ್ನು ನೋಡಿ ಕೈ ತೊಳೆದುಕೊಳ್ಳುತ್ತೇವೆ. ಕೀಟನಾಶಕದ ಪರೀಕ್ಷೆಗೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರ ಬೇಕು. ನೀರಿನಲ್ಲಿ ಬೆರೆತಿರುವ ಒಂದೊಂದು ರಾಸಾಯನಿಕವನ್ನೂ ಅದು ಬೇರ್ಪಡಿಸಿ, ಯಾವುದು ಎಷ್ಟಿದೆ ಎಂದು ತೋರಿಸುತ್ತದೆ. ಅಂಥ ಯಂತ್ರ ನಮ್ಮಲ್ಲಿಲ್ಲ. ಸ್ಯಾಂಪಲ್‌ಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಹೊರಗೆ ಕಳಿಸಿ, ವರದಿಗಾಗಿ ಬಾಯಿ ಬಿಟ್ಟುಕೊಂಡು ಕಾಯಬೇಕು.

ಆರಿಸಿದ ಬಾವಿಗಳಲ್ಲಿ ಒಂದು, ಬೈಲಹೊಂಗಲದಿಂದ ಸವದತ್ತಿ ಕಡೆಗೆ ಹೋಗುವ ದಾರಿಯಿಂದ ತುಸು ಒಳಗಿರುವ ಊರಿನದು. ಊರಿನ ಹೆಸರು ಬರೆಯುವುದಿಲ್ಲ. ಓದಿದವರು ಆ ಊರಿಗೆ ಹೆಣ್ಣು ಕೊಡುವುದನ್ನು ನಿಲ್ಲಿಸಿಯಾರೆಂಬ ಹೆದರಿಕೆ ನನಗಿದೆ. ಊರ ನಡುವೆ ಕಲ್ಲಿನ ಮೆಟ್ಟಿಲಿನ ಹಳೆಯ ಬಾವಿ. ಮನೆ ಮನೆಗೆ ನಳ ಬಂದು ಎರಡು ವರ್ಷವಾಗಿದ್ದರೂ ನೀರು ಬರುತ್ತಿದ್ದುದು ನಾಲ್ಕೈದು ದಿನಕ್ಕೊಮ್ಮೆ, ಅದರಲ್ಲಿ ಬೇಳೆ ಬೇಯುವುದಿಲ್ಲವೆಂದು ಹೆಂಗಸರ ತಕರಾರು ಬೇರೆ. ನಳದ ನೀರು ಬಟ್ಟೆಗೆ, ದನಕ್ಕೆ. ಕುಡಿಯಲು, ಅಡುಗೆಗೆ ಸಿಹಿನೀರ ಬಾವಿಯೇ.

ವರದಿ ಬಂದಾಗ ನಾನು ಲ್ಯಾಬಿನವರನ್ನೇ ಬೈದೆ. ಆ ಬಾವಿಯ ನೀರಿನಲ್ಲಿ ಮೂರು ಕೀಟನಾಶಕಗಳಿದ್ದವು, ಮೂರೂ ಮಿತಿ ಮೀರಿ. ಅದರಲ್ಲೊಂದು ಬಿ.ಎಚ್.ಸಿ. ನನ್ನ ವಯಸ್ಸಿನವರಿಗೆ ನೆನಪಿರಬಹುದು, ಮೂಗಿಗೆ ಅಡರುವ ಆ ಪುಡಿಯನ್ನು ಇರುವೆಗೆ, ಹುಳಕ್ಕೆ, ಹತ್ತಿಯ ಕೀಡೆಗೆ ಎಲ್ಲಕ್ಕೂ ಎರಚುತ್ತಿದ್ದರು. ಮಣ್ಣಿನಲ್ಲಿ ಬೇಗ ಕರಗಿ ಹೋಗುವುದಿಲ್ಲ, ಮೈಯೊಳಗೆ ಸೇರಿದರೆ ಕೊಬ್ಬಿನಲ್ಲಿ ಕೂತುಬಿಡುತ್ತದೆ ಎಂದು ತೊಂಬತ್ತರ ದಶಕದಲ್ಲಿಯೇ ಅದನ್ನು ನಿಷೇಧಿಸಿದರು. ಅಂಗಡಿಯಲ್ಲಿ ಇಲ್ಲದ ಪುಡಿ ಬಾವಿಯಲ್ಲಿ ಹೇಗೆ? ಮತ್ತೆ ಸ್ಯಾಂಪಲ್ ತೆಗೆದು ಕಳಿಸಿದೆ. ಉತ್ತರ ಅದೇ ಬಂತು.

ಬಾವಿಯ ನೀರು ಕುಡಿಯಬೇಡಿರೆಂದು ಬೋರ್ಡು ಹಾಕಿಸಿ ಹುಡುಕಲು ತೊಡಗಿದೆ. ಮೊದಲ ಅನುಮಾನ ಹೊಲಗಳ ಮೇಲೆಯೇ. ಪಡುವಣ ದಿಕ್ಕಿನಲ್ಲಿ ಎತ್ತರದ ಎರೆಭೂಮಿ; ಹತ್ತಿ, ಸೋಯಾ, ಕಬ್ಬು, ಎಲ್ಲಕ್ಕೂ ಸಿಂಪಡಣೆ. ಅಂತರ್ಜಲವೂ ಇಳಿಜಾರಿಗೆ ಹರಿಯುತ್ತದೆ. ಬಾವಿಗಳ ನೀರಿನ ಮಟ್ಟ ಅಳೆದು ನಕ್ಷೆಯ ಮೇಲೆ ಗುರುತು ಹಾಕಿದರೆ ಅದು ಯಾವ ಕಡೆಯಿಂದ ಯಾವ ಕಡೆಗೆ ಹೊರಟಿದೆ ಎಂದು ತಿಳಿಯುತ್ತದೆ. ನಿರೀಕ್ಷಿಸಿದಂತೆ ಹೊಲಗಳಿಂದ ಊರಿನ ಕಡೆಗೇ ಹೊರಟಿತ್ತು. ಹಾಗಿದ್ದರೆ ಹೊಲದ ಬಾವಿಗಳಲ್ಲಿ ವಿಷ ಹೆಚ್ಚಿರಬೇಕು. ಪರೀಕ್ಷೆ ಮಾಡಿಸಿದರೆ ಅವು ಹೆಚ್ಚುಕಡಿಮೆ ಶುದ್ಧವಾಗಿದ್ದವು. ಕೊನೆಯ ಹೊಲದ ಬಾವಿಗೂ ಸಿಹಿನೀರ ಬಾವಿಗೂ ನಡುವೆ ಇದ್ದದ್ದು ಮನೆಗಳು ಮಾತ್ರ.

ಇದನ್ನು ಕಟ್ಟೆಯ ಮೇಲೆ ಕೂತಿದ್ದವರ ಮುಂದೆ ಹೇಳಿದೆ. ಪಂಚಾಯ್ತಿ ಸದಸ್ಯ ಮಲ್ಲೇಶಪ್ಪ ಎಂಬವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, “ಮೇಡಮ್ಮಾರ, ಹೊಲದಾಗ ಹುಡುಕ್ರಿ. ಊರಾಗ ಯಾರ್ ಎಣ್ಣಿ ಹೊಡಿತಾರ್ರೀ?” ಎಂದರು. ಕೀಟನಾಶಕಕ್ಕೆ ಅಲ್ಲಿ ಎಣ್ಣಿ ಎಂದೇ ಹೆಸರು. ಉಳಿದವರು ನೆಲ ನೋಡುತ್ತ ಕೂತರು. ನಮ್ಮ ಕಡೆಯ ಕಟ್ಟೆಯ ಮೇಲೆ ಇಷ್ಟು ಜನ ಒಟ್ಟಿಗೆ ಸುಮ್ಮನಾದರೆ ಅವರಿಗೆಲ್ಲ ಏನೋ ಗೊತ್ತಿದೆ ಎಂದೇ ಅರ್ಥ. ನನಗೆ ಸಿಟ್ಟು ಬಂತು. ಕುಡಿಯುತ್ತಿರುವುದು ನಿಮ್ಮ ಮಕ್ಕಳು, ನನ್ನ ಮಕ್ಕಳಲ್ಲ ಎಂದು ಜೋರಾಗಿಯೇ ಹೇಳಿ ಎದ್ದು ಬಂದೆ.

ಅಂದು ಓಣಿಗಳಲ್ಲಿ ಮನೆ ಮನೆ ಹೊಕ್ಕು ನೋಡಿದ್ದೆ. ಬೇರೆ ಊರುಗಳಲ್ಲಿ ಔಷಧದ ಬಾಟಲಿ ಕಿಟಕಿಯಲ್ಲಿ, ಅಟ್ಟದ ಮೇಲೆ, ಕೆಲವೊಮ್ಮೆ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಈ ಊರಿನ ಒಂದು ಮನೆಯಲ್ಲೂ ಒಂದು ಬಾಟಲಿಯೂ ಇರಲಿಲ್ಲ. ಎಷ್ಟು ಶಿಸ್ತಿನ ಊರು ಎಂದುಕೊಂಡೆನೇ ಹೊರತು ಅದರ ಹಿಂದೆ ಏನಿದೆ ಎಂದು ಆಗ ಹೊಳೆಯಲಿಲ್ಲ.

ಮುಂದಿನ ಸಲ ಹೋದಾಗ ಬಾವಿಯ ಮೆಟ್ಟಿಲ ಮೇಲೆ ಕೂತು ಮತ್ತೆ ನೀರು ತೆಗೆಯುತ್ತಿದ್ದೆ. ಅರವತ್ತು ದಾಟಿದ ಒಬ್ಬ ಹೆಂಗಸು ಇಳಿದು ಬಂದು ಪಕ್ಕದಲ್ಲಿ ನಿಂತಳು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ. ಹೆಸರು ನೀಲವ್ವ.

“ಹುಡುಕೂದು ಸಾಕ್ ಮಾಡ್ರಿ ಮೇಡಮ್ಮಾರ. ನೀವು ಹುಡಕಾಕ ಹತ್ತಿದ್ದು ನಮ್ಮ ಮನಿ ಮುಂದ ಐತಿ.”

ಬಾವಿಗೆ ನೂರು ಮಾರು ದೂರವೂ ಇಲ್ಲದ ಮನೆ. ಮನೆಯ ಮುಂದಿನ ಅಂಗಳದಲ್ಲಿ ಮಣ್ಣು ಕೆದರಿ ಒಂದು ಚಪ್ಪಡಿ ಕಲ್ಲು ತೋರಿಸಿದಳು. ಅದರ ಕೆಳಗೆ ಹಗೇವು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹಗೇವೆಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಹಾಗೇ ಇರುತ್ತಿತ್ತು. ಗಟ್ಟಿ ಗರಸು ಮಣ್ಣಿನ ಜಾಗ ನೋಡಿಯೇ ತೋಡುತ್ತಿದ್ದರು. ಮಳೆಗಾಲದಲ್ಲೂ ಒಳಗೆ ಹನಿ ನೀರು ಇಳಿಯುತ್ತಿರಲಿಲ್ಲ. ಹಗೇವಿನೊಳಗೆ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ ಎಂಬುದು ಆ ಸೀಮೆಯಲ್ಲಿ ಯಾರೂ ಅನುಮಾನಿಸದ ಮಾತು.

ನೀಲವ್ವ ಜಗುಲಿಯ ಮೇಲೆ ಕೂತು ಹೇಳಿದಳು. ಹನ್ನೆರಡು ವರ್ಷದ ಹಿಂದೆ ಅವಳಿಗೂ ಸೊಸೆಗೂ ಒಂದು ಬೆಳಿಗ್ಗೆ ಮಾತಿಗೆ ಮಾತು ಬೆಳೆದಿತ್ತು. ಹಾಲು ಉಕ್ಕಿ ಒಲೆಯ ಪಾಲಾದದ್ದಕ್ಕೆ ಶುರುವಾದ ಜಗಳ. ಮನೆಯಲ್ಲಿ ಹತ್ತಿಗೆ ತಂದು ಉಳಿದ ಔಷಧವಿತ್ತು. ಸೊಸೆ ಮಧ್ಯಾಹ್ನದೊಳಗೆ ತೀರಿಕೊಂಡಳು.

“ಸಿಟ್ಟು ಒಂದ್ ತಾಸಿಂದ್ರಿ,” ಎಂದಳು. “ಕೈಗೆ ಅದು ಸಿಗದಿದ್ರ ಸಂಜಿಕ ಇಬ್ಬರೂ ಕೂಡಿ ರೊಟ್ಟಿ ಬಡೀತಿದ್ವಿ.”

ದಿನಕರ್ಮ ಮುಗಿದ ಮೇಲೆ ಅವಳು ಮನೆ ಮನೆಗೆ ಹೋದಳು. ಉಳಿದ ಎಣ್ಣಿ ಮನೆಯೊಳಗೆ ಇಡಬೇಡಿರಿ, ನನ್ನ ಕೈಗೆ ಕೊಡಿರಿ ಎಂದು ಸೆರಗೊಡ್ಡಿ ಕೇಳಿದಳು. ಮೊದಲು ಕೊಡದವರೂ ಆಮೇಲೆ ಕೊಟ್ಟರು. ಅಟ್ಟದ ಮೇಲೆ ಅಪ್ಪನ ಕಾಲದಿಂದ ಉಳಿದಿದ್ದ ಬಿ.ಎಚ್.ಸಿ. ಪುಡಿಯ ಚೀಲಗಳೂ ಬಂದವು. ಎಲ್ಲಿ ಇಡುವುದು? ಹಳ್ಳಕ್ಕೆ ಎಸೆದರೆ ದನ ಕುಡಿಯುತ್ತವೆ, ಹೊಲದಲ್ಲಿ ಹೂತರೆ ನೇಗಿಲಿಗೆ ಬರುತ್ತದೆ, ಸುಟ್ಟರೆ ಹೊಗೆ. ಜೋಳ ತುಂಬುವುದು ನಿಂತುಹೋಗಿದ್ದ ತನ್ನ ಮನೆಯ ಹಗೇವಿಗೆ ಇಳಿಸಿ ಕಲ್ಲು ಮುಚ್ಚಿದಳು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕಲ್ಲು ತೆಗೆದು ಆ ವರ್ಷದ್ದನ್ನು ಹಾಕಿ ಮತ್ತೆ ಮಣ್ಣು ಮೆತ್ತುವುದು ಊರಿನ ಪದ್ಧತಿಯೇ ಆಗಿಹೋಯಿತು. ಪೊಲೀಸರಿಗೆ ಹೆದರಿ, ಸತ್ತವಳ ಮಾತು ಎತ್ತಲು ಮನಸ್ಸಾಗದೆ ಹೊರಗಿನವರ ಮುಂದೆ ಯಾರೂ ಅದರ ಸುದ್ದಿ ಆಡುತ್ತಿರಲಿಲ್ಲ.

ನಾನು ಅಂಗಳ ನೋಡುತ್ತಿದ್ದೆ. ನಳದ ಪೈಪಿಗಾಗಿ ತೋಡಿದ ಕಾಲುವೆಯ ಗುರುತು ಹಗೇವಿನ ಬಾಯಿಯ ಪಕ್ಕದಲ್ಲೇ ಹಾದುಹೋಗಿತ್ತು. ಪೈಪಿನ ಜಾಯಿಂಟ್ ಒಂದು ಜಿನುಗಿ ಅಲ್ಲಿಯ ಮಣ್ಣು ಹಸಿಯಾಗಿಯೇ ಇತ್ತು. ಗಟ್ಟಿ ಗರಸನ್ನು ಒಮ್ಮೆ ಅಗೆದು ಸಡಿಲ ಮಣ್ಣು ತುಂಬಿದರೆ ನೀರಿಗೆ ಅದೇ ದಾರಿ. ಎರಡು ವರ್ಷದಿಂದ ನೀರು ಹಗೇವಿಗೆ ಇಳಿದು, ವಿಷ ತೊಳೆದುಕೊಂಡು, ಕೆಳಗಿನ ಬಂಡೆಯ ಬಿರುಕು ಹಿಡಿದು ಬಾವಿಗೆ ಹೋಗುತ್ತಿತ್ತು. ಇಷ್ಟು ದಿನ ಬೇಕೆಂದು ಒದ್ದಾಡಿದ ಉತ್ತರ ಸಿಕ್ಕಿತ್ತು. ನನಗೆ ಸಂತೋಷವಾಗಲಿಲ್ಲ.

ಅವಳಿಗೆ ಹೇಳಲೇಬೇಕಿತ್ತು, ಹೇಳಿದೆ. ಅವಳು ಅಳಲಿಲ್ಲ. ಬಾವಿಯ ಕಡೆ ನೋಡುತ್ತ, “ನಳ ಬರೂ ಮುಂಚೆ ನೀರು ಚಲೋ ಇತ್ತೇನ್ರಿ?” ಎಂದು ಕೇಳಿದಳು. ಇದ್ದಿರಬೇಕು ಎಂದೆ. “ಮತ್ತ ಯಾವಾಗ ಚಲೋ ಆಗತೈತಿ?”

ಸುಳ್ಳು ಹೇಳುವ ಮನಸ್ಸಾಯಿತು. ಹೊಳೆ ಕೆಟ್ಟರೆ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ. ನೆಲದಡಿಯ ನೀರು ಹಾಗಲ್ಲ. ಅಲ್ಲಿ ಬೆಳಕಿಲ್ಲ, ಗಾಳಿಯಿಲ್ಲ, ವೇಗವಿಲ್ಲ. ಹೊಕ್ಕ ವಿಷ ಕಲ್ಲಿಗೆ ಮಣ್ಣಿಗೆ ಹತ್ತಿಕೊಂಡು ನಿಧಾನವಾಗಿ ಬಿಡುತ್ತಾ ಹೋಗುತ್ತದೆ. “ನಿಮ್ಮ ಕಾಲಕ್ಕ ಆಗಂಗಿಲ್ಲವ್ವ, ನನ್ನ ಕಾಲಕ್ಕೂ ಇಲ್ಲ,” ಎಂದೆ.

ಅವಳು ಎದ್ದು ಹೋಗಿ ಕೆದರಿದ ಮಣ್ಣನ್ನು ಮತ್ತೆ ಚಪ್ಪಡಿಯ ಮೇಲೆ ಎಳೆದಳು. ಆಮೇಲೆ, “ಅವತ್ತಿಂದ ಇವತ್ತಿನ ಮಟ ನಮ್ಮೂರಾಗ ಒಬ್ಬರೂ ಎಣ್ಣಿ ಕುಡದಿಲ್ರಿ. ಅದನ್ನೂ ಬರ್ಕೋರಿ,” ಎಂದಳು.

ಹಗೇವು ತೆರೆಸಿದೆವು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ಹಗಲು ಪೂರ್ತಿ ಬಾಯಿ ತೆರೆದಿಟ್ಟರು. ಆಮೇಲೆ ಮುಖವಾಡ, ಕೈಗವಸು ತೊಟ್ಟವರು ಬಂದು ಒಡೆದ ಬಾಟಲಿ, ಕೊಳೆತ ಚೀಲ, ನೆನೆದ ಮಣ್ಣು ಎಲ್ಲವನ್ನೂ ಡ್ರಮ್ಮುಗಳಿಗೆ ತುಂಬಿ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಒಯ್ದರು. ಓಣಿಯ ಜನ ಮೂಗಿಗೆ ಸೆರಗು, ಟವೆಲ್ ಹಿಡಿದು ನೋಡುತ್ತಿದ್ದರು. ಪೈಪು ರಿಪೇರಿಯಾಯಿತು. ಸಿಹಿನೀರ ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿ ಬೀಗ ಹಾಕಿದರು. ಬೀಗ ಹಾಕುವಾಗ ಹೆಂಗಸರು ಕೆಲವರು ಅತ್ತರು.

ಬರೆದುಕೊಳ್ಳಿರೆಂದು ನೀಲವ್ವ ಹೇಳಿದ್ದನ್ನು ವರದಿಯಲ್ಲಿ ಬರೆದೆ. ‘ವಿಷಯಕ್ಕೆ ಸಂಬಂಧಿಸಿಲ್ಲ’ ಎಂದು ಮೇಲಿನವರು ಆ ಸಾಲನ್ನು ಹೊಡೆದುಹಾಕಿದರು. ನಾನು ವಾದಿಸಿದೆ, ಸೋತೆ. ಅಂತಿಮ ವರದಿಯಲ್ಲಿ ಉಳಿದದ್ದು ‘ಅವೈಜ್ಞಾನಿಕ ವಿಲೇವಾರಿ’ ಎಂಬ ಎರಡು ಶಬ್ದ. ಊರಲ್ಲಿ ಅವಳನ್ನು ಯಾರೂ ಎದುರಿಗೆ ಬೈಯಲಿಲ್ಲ. ಆದರೆ ಬಾಣಂತಿಗೆ ನೀರು ಹಾಕಲು, ಮದುವೆಗೆ ಅರಿಶಿಣ ಕುಟ್ಟಲು ಮೊದಲು ಕರೆಯುತ್ತಿದ್ದವಳನ್ನು ಕರೆಯುವುದು ನಿಂತಿತು. ಅವಳ ಕೈಗೆ ಬಾಟಲಿ ಕೊಟ್ಟವರೇ ಈಗ ಊರಿನ ನೀರು ಕೆಡಿಸಿದಳು ಎನ್ನುತ್ತಿದ್ದರು.

ನಿವೃತ್ತಿಯ ಮುಂಚಿನ ಕೊನೆಯ ಸುತ್ತಾಟದಲ್ಲಿ ಆ ಊರಿಗೆ ಹೋದೆ. ಬಾವಿಯ ನೀರು ತುಸು ಸುಧಾರಿಸಿತ್ತು, ಕುಡಿಯುವ ಮಟ್ಟಕ್ಕಲ್ಲ. ಓಣಿಯಲ್ಲಿ ನಡೆಯುವಾಗ ಕಿಟಕಿಗಳಲ್ಲಿ ಮತ್ತೆ ಔಷಧದ ಬಾಟಲಿಗಳು ಕಂಡವು. ನೀಲವ್ವ ಜಗುಲಿಯ ಮೇಲೆ ಕಾಳು ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡು ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅರ್ಧ ಬಾಟಲಿ ತಂದಳು. ಮಗ ಕಡಲೆಗೆ ತಂದು ಉಳಿದದ್ದು. ಮನೆಯಲ್ಲಿ ಈಗ ಎರಡನೆಯ ಸೊಸೆ ಇದ್ದಳು, ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು.

“ಇದನ್ನ ಎಲ್ಲಿ ಇಡ್ಲಿ ಹೇಳ್ರಿ,” ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು.

ಅಲ್ಲಿಯೇ ನಿಂತು ಒಂದೆರಡು ಕಚೇರಿಗೆ ಫೋನು ಮಾಡಿದೆ. ಒಬ್ಬರು ಅಂಗಡಿಯವನಿಗೆ ವಾಪಸು ಕೊಡಿಸಿ ಎಂದರು. ಅಂಗಡಿಯವನು ಒಡೆದ ಸೀಲಿನ ಮಾಲು ತನಗೆ ಬೇಡವೆಂದ. ಬಾಟಲಿಯ ಮೇಲೆ ಸುರಕ್ಷಿತವಾಗಿ ವಿಲೇವಾರಿ ಮಾಡಿರೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು, ಎಲ್ಲಿ ಎಂದು ಬರೆದಿರಲಿಲ್ಲ. ನೆಲದೊಳಗೆ ವಿಷ ಇಡಬಾರದು ಎಂದು ಹೇಳುವುದೇ ನನ್ನ ಉದ್ಯೋಗವಾಗಿತ್ತು. ಮತ್ತೆಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಆ ಮಾತು ಹೇಳುವುದು ಅರ್ಧ ಕೆಲಸ ಎಂದು ಕಲಿಯುವಷ್ಟರಲ್ಲಿ ಉದ್ಯೋಗವೇ ಮುಗಿದಿತ್ತು.

ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ಜೀಪಿನಲ್ಲಿಟ್ಟುಕೊಂಡು ಬಂದೆ. ನಮ್ಮ ಮನೆಯ ಹಿಂದಿನ ಕೋಣೆಯ ಕಪಾಟಿನಲ್ಲಿ ಅದು ಇನ್ನೂ ಇದೆ. ಬೀಗದ ಕೈ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.