ಮೇಸ್ತ್ರಿಯ ಅಕ್ಕನ ಕೋಣೆ

ನಮ್ಮ ಓಣಿಯಲ್ಲಿ ಯಾರ ಅಂಗಳದಲ್ಲಿ ಒಂದು ಚೆಂಬು ನೀರು ಚೆಲ್ಲಿದರೂ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ಗಾರೆ ಕೆಲಸದ ಮನುಷ್ಯ. ಮಳೆ ಕೈಕೊಟ್ಟು, ಓಣಿಗೆಲ್ಲ ನೀರು ಕೊಡುವ ತೊಟ್ಟಿ ತಳ ಕಾಣತೊಡಗಿದಾಗ ಎಲ್ಲರೂ ಸೇರಿ ಅವನನ್ನೇ ಉಸ್ತುವಾರಿಗೆ ನಿಲ್ಲಿಸಿದ್ದೆವು. ಗಂಟಲು ದೊಡ್ಡದು, ದಾಕ್ಷಿಣ್ಯ ಚಿಕ್ಕದು ಎಂಬುದೇ ಅವನ ಅರ್ಹತೆ.

ನಿಯಮಗಳು ಸರಳ. ಅಂಗಳಕ್ಕೆ ಪೊರಕೆ ಸಾಕು. ಗಿಡಕ್ಕೆ ಪಾತ್ರೆ ತೊಳೆದ ನೀರು, ಅದೂ ಬಿಸಿಲು ಇಳಿದ ಮೇಲೆ. ಗಾಡಿಗೆ ಒದ್ದೆ ಬಟ್ಟೆ. ಪೈಪನ್ನು ಮುಟ್ಟುವಂತಿಲ್ಲ. ನಾನು ಮುಟ್ಟಿದೆ. ನನ್ನ ಮುದಿ ಸ್ಕೂಟರಿಗೆ ನೀರು ಬಿಡುತ್ತಿದ್ದಾಗ ಮೇಸ್ತ್ರಿ ಹಿಂದಿನಿಂದ ಬಂದು ಪೈಪು ಮಡಚಿ ಹಿಡಿದ.

“ಏನ್ ಸಾರ್, ಗಾಡಿ ಮದುವೆಗೆ ಹೊರಟಿದ್ಯಾ?”

“ಇಲ್ಲಪ್ಪ, ಸ್ವಲ್ಪ ಕೆಸರಾಗಿತ್ತು...”

“ಕೆಸರಾಗೋವಷ್ಟು ನೀರು ಎಲ್ಲಿದೆ, ನಂಗೂ ತೋರ್ಸಿ ಸಾರ್.”

ಓಣಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ.

ಮೇಸ್ತ್ರಿಯ ಮನೆಯಲ್ಲಿ ಅವನ ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವಳು, ಜಾರಿ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಅವಳ ಮಂಚ ಇದ್ದದ್ದು ಬೀದಿ ಬಾಗಿಲಿಗೂ ಅಡುಗೆಮನೆಗೂ ನಡುವೆ, ಎಲ್ಲರೂ ಓಡಾಡುವ ಜಾಗದಲ್ಲಿ. ಅವಳ ಬಟ್ಟೆ ಬದಲಾಯಿಸುವಾಗ ಮೇಸ್ತ್ರಿಯ ಹೆಂಡತಿ ಹೊದಿಕೆಯನ್ನು ಅಡ್ಡ ಹಿಡಿದು, “ಯಾರೂ ಬರ್ಬೇಡ್ರೋ” ಎಂದು ಕೂಗಬೇಕಿತ್ತು.

“ಊರೋರಿಗೆಲ್ಲ ಮನೆ ಕಟ್ತೀಯಲ್ಲೋ, ನಂಗೆ ಬಾಗಿಲು ಹಾಕ್ಕೊಳ್ಳೋಕೆ ಒಂದು ಗೂಡು ಕಟ್ಟೋ,” ಎನ್ನುತ್ತಿದ್ದಳು ಅಕ್ಕ.

ಕಟ್ಟಿದ. ಹಿತ್ತಲಲ್ಲಿ ನಾಲ್ಕು ಗೋಡೆ ಎದ್ದವು, ಒಳಗಿನಿಂದ ಚಿಲಕವಿರುವ ಬಾಗಿಲು ಕೂತಿತು, ಮೇಲೆ ತಾರಸಿಗೆ ಕಾಂಕ್ರೀಟೂ ಹಾಕಿ ಆಯಿತು. ಮರುದಿನವೇ ತೊಟ್ಟಿಯ ಮೋಟಾರು ಕೆಸರು ಕಾರಿತು. ಇನ್ನು ತೊಟ್ಟಿಯ ನೀರು ಕುಡಿಯಲಿಕ್ಕೆ, ಬೇಯಿಸಲಿಕ್ಕೆ ಮಾತ್ರ ಎಂದು ಮನೆಮನೆಗೆ ಹೋಗಿ ಹೇಳಿ ಬಂದವನೂ ಅವನೇ.

ಹೊಸ ತಾರಸಿ ಎಳೆಗೂಸಿದ್ದಂತೆ. ಮೊದಮೊದಲು ಹೊತ್ತುಹೊತ್ತಿಗೆ ನೀರುಣಿಸದಿದ್ದರೆ ಉಳಿಯುವುದಿಲ್ಲ.

“ಒಂದು ವಾರ ಪೈಪು ಬಿಡ್ರೀ, ಯಾರೂ ಏನೂ ಅನ್ನಲ್ಲ,” ಎಂದಳು ಮೇಸ್ತ್ರಿಯ ಹೆಂಡತಿ.

“ಅನ್ನಲ್ಲ. ನಾಳೆ ಅವರೂ ಬಿಡ್ತಾರೆ, ನಾನೂ ಏನೂ ಅನ್ನೋ ಹಾಗಿರಲ್ಲ. ಆಮೇಲೆ ಕುಡಿಯೋಕೇನು?”

ನಾವು ಸುಮ್ಮನೆ ಕೂರಲಿಲ್ಲ. ಅಕ್ಕಿ ತೊಳೆದದ್ದು, ಪಾತ್ರೆ ತೊಳೆದದ್ದು, ಮುಖ ತೊಳೆದದ್ದು ಎಲ್ಲ ಹೊತ್ತು ಏಣಿ ಹತ್ತಿದೆವು. ಗೋಣಿಚೀಲ ಹಾಸಿ ನೆನೆಸಿದೆವು. ನಾನು ಅರ್ಧ ಬಕೆಟ್ಟು ಏರಿಸುವಷ್ಟರಲ್ಲಿ ನನ್ನ ಬೆವರೇ ಉಳಿದರ್ಧ ತುಂಬಿಸುತ್ತಿತ್ತು. ಆದರೆ ಕೆಳಗಿಟ್ಟ ಬಕೆಟ್ಟು ಎತ್ತುವುದರೊಳಗೆ ಗೋಣಿ ಒಣಗಿರುತ್ತಿತ್ತು. ಕಡೆಗೊಂದು ಬೆಳಿಗ್ಗೆ ಗೋಣಿ ಸರಿಸಿ ನೋಡಿದರೆ ಈ ಗೋಡೆಯಿಂದ ಆ ಗೋಡೆಗೆ ಬಿರುಕು. ಮೇಸ್ತ್ರಿ ಕಾಲ ಹೆಬ್ಬೆರಳಿನಿಂದ ಅಂಚು ಒತ್ತಿದ. ಬಿಸ್ಕತ್ತಿನಂತೆ ಉದುರಿತು.

“ಬಿರುಕು ತಾನೆ? ಮೇಲೊಂದು ಕೈ ಸಿಮೆಂಟು ಬಳಿ,” ಎಂದಳು ಅಕ್ಕ. “ನಾನೇನು ಇನ್ನು ನೂರು ವರ್ಷ ಇರ್ತೀನಾ?”

“ಅದು ಬಿದ್ರೆ ನಾಳೇನೂ ಇರಲ್ಲ ಅಕ್ಕ.”

ಸುತ್ತಿಗೆ ಹಿಡಿದು ತಾನೇ ಒಡೆದ. ನಾವು ಚೂರು ಹೊತ್ತು ಹಾಕಿದೆವು. ಯಾರೂ ತಮಾಷೆ ಮಾಡಲಿಲ್ಲ, ನಾನು ಕೂಡ.

ಮರುದಿನ ಮುಂಜಾನೆ, ಧೂಳು ಅಡಗಿದ ಮೇಲೆ, ಅಕ್ಕ ಹಟ ಹಿಡಿದಳು: ಸೂರಿಲ್ಲದಿದ್ದರೇನು, ತನ್ನನ್ನು ಅಲ್ಲಿಗೆ ಒಯ್ಯಬೇಕು. ಮೇಸ್ತ್ರಿಯೂ ಹೆಂಡತಿಯೂ ಮಂಚ ಸಮೇತ ಎತ್ತಿ, ಅವಳ ಕೈಗೆ ಚಿಲಕ ಎಟುಕುವಂತೆ ಬಾಗಿಲ ಮಗ್ಗುಲಲ್ಲೇ ಇಟ್ಟರು. ಅವಳು ಇಬ್ಬರನ್ನೂ ಹೊರಗೆ ಕಳಿಸಿ ಚಿಲಕ ಹಾಕಿಕೊಂಡಳು. ಹೊರಗೆ ಮೇಸ್ತ್ರಿ ಗೋಡೆಗೆ ಹಣೆಯಿಟ್ಟು ನಿಂತ.

ನಾನು ನಿಂತಿದ್ದ, ಅವರ ಹಿತ್ತಲಿಗೆ ತಾಗಿದ ನಮ್ಮ ಮಹಡಿಯ ಕಿಟಕಿಯಿಂದ ಆ ಕೋಣೆಯ ಒಳಗೆಲ್ಲ ಕಾಣುತ್ತಿತ್ತು. ಅವಳು ತಲೆಯೆತ್ತಿ ಆಕಾಶ ನೋಡಿದಳು, ಆಮೇಲೆ ನನ್ನನ್ನು.

“ಅದನ್ನೂ ಒಂಚೂರು ಹಾಕ್ಕೊಳ್ಳಪ್ಪ,” ಎಂದಳು.

ಕಿಟಕಿ ಹಾಕಿದೆ. ಬಿಸಿಲೇರುವ ಮೊದಲೇ ಅವಳನ್ನು ಮತ್ತೆ ಆ ಓಡಾಟದ ಜಾಗಕ್ಕೆ ಹೊತ್ತು ತಂದರಂತೆ.